ಐದು ನಿಮಿಷದ ಪಾಠ

ಮಕ್ಕಳ ಓದಿನ ವಿಷಯವಾಗಿ ನಮ್ಮ ಸಂಘದ ಮನೆಗಳಲ್ಲಿ ಈಚೆಗೆ ಕೇಳಿಬರುತ್ತಿರುವ ಪ್ರಶ್ನೆ ಒಂದೇ: ವಿಜ್ಞಾನ ಮತ್ತು ಸಮಾಜ ಪಾಠಗಳಿಗೆ ಮೊಬೈಲಿನಲ್ಲಿ ಸಿಗುವ ಈ ಚಿಕ್ಕ ಚಿಕ್ಕ ವಿಡಿಯೋಗಳನ್ನು ತೋರಿಸಬಹುದೇ, ಬಾರದೇ? ಕೇಳುವವರಲ್ಲಿ ಎರಡು ಪಕ್ಷ ಉಂಟು. ಮಗು ಅದನ್ನು ನೋಡುತ್ತ ಕುಳಿತಿರುವಷ್ಟು ಹೊತ್ತು ಅಡಿಗೆ ಸಾಂಗವಾಗಿ ಮುಗಿಯುತ್ತದೆಂದು ನೆಮ್ಮದಿಪಡುವವರು ಒಂದು ಪಕ್ಷ. ಮೊಬೈಲೆಂದರೆ ಮನೆ ಹೊಕ್ಕ ಮಾರಿ ಎನ್ನುವವರು ಇನ್ನೊಂದು ಪಕ್ಷ. ನಾವು ಎರಡಕ್ಕೂ ಸೇರಿದವರಲ್ಲ. ತೋರಿಸಬೇಕೆಂದೇ ನಮ್ಮ ಅಭಿಪ್ರಾಯ; ಆದರೆ ತೋರಿಸಿ ಎದ್ದುಹೋಗಬಾರದು. ಅದೇಕೆಂಬುದನ್ನು ಈ ಸಲ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇವೆ.

ಚಿತ್ರ ತೋರಿಸಿ ಪಾಠ ಹೇಳುವ ಆಸೆ ಹೊಸದೇನೂ ಅಲ್ಲ. ಅಮೆರಿಕದ ಎಡಿಸನ್ ಮಹಾಶಯನು 1913ರಲ್ಲಿಯೇ, ಇನ್ನು ಶಾಲೆಗಳಲ್ಲಿ ಪುಸ್ತಕಕ್ಕೆ ಕೆಲಸವಿಲ್ಲ, ಎಲ್ಲವನ್ನೂ ಚಲಚ್ಚಿತ್ರವೇ ಕಲಿಸಿಬಿಡುವುದೆಂದು ಭವಿಷ್ಯ ನುಡಿದಿದ್ದನು. ಆಮೇಲೆ ನೂರು ವರ್ಷಗಳಿಗೂ ಮೇಲಾಯಿತು. ಶಾಲೆ ತೆರೆಯುವ ವಾರ ಪುಸ್ತಕಗಳಿಗೆ ರಟ್ಟು ಹಾಕಿ ಹೆಸರಿನ ಚೀಟಿ ಅಂಟಿಸುವ ಕೆಲಸ ಇಂದಿಗೂ ಅಪ್ಪಂದಿರ ಪಾಲಿಗೆ ತಪ್ಪಿಲ್ಲ. ನಮ್ಮ ದೇಶದಲ್ಲಿ ದಿಲ್ಲಿಯ ಪ್ರೌಢಶಾಲೆಗಳಿಗೆ ದೂರದರ್ಶನದ ಮೂಲಕ ವಿಜ್ಞಾನದ ಪಾಠ ಆರಂಭವಾದದ್ದು 1961ರಲ್ಲಿ. ಆಗ ಅಲ್ಲಿ ಓದುತ್ತಿದ್ದ ನಮ್ಮ ಹುಡುಗರು ಈಗ ಅಜ್ಜಂದಿರಾಗಿರಬೇಕು. ಆ ಪಾಠಗಳ ನೆನಪು ಯಾರಿಗಾದರೂ ಇದ್ದರೆ ನಾಲ್ಕು ಸಾಲು ಬರೆದು ಕಳಿಸಲಿ.

ಆದರೆ ಕನ್ನಡಿಗರಾದ ನಾವು ಮರೆಯಬಾರದ ಪ್ರಯೋಗ ಬೇರೊಂದಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಅಮೆರಿಕದವರಿಂದ ಎರವಲು ಪಡೆದ ಒಂದು ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ನೇರವಾಗಿ ಇಳಿದುಬಂದವು. ಕರ್ನಾಟಕದಲ್ಲಿ ಅದರ ಭಾಗ್ಯ ಬೆಂಗಳೂರಿಗಲ್ಲ, ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಒದಗಿತ್ತು. ಹತ್ತಡಿ ಅಗಲದ, ಕೋಳಿಗೂಡಿಗೆ ಬಳಸುವ ತಂತಿಬಲೆಯ ಕೊಡೆಯೊಂದನ್ನು ಮುಗಿಲಿಗೆ ಮುಖಮಾಡಿ ನಿಲ್ಲಿಸಿದ್ದರು; ಅದೇ ಆಂಟೆನಾ. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ಬೆಳಗಿನ ಕಾರ್ಯಕ್ರಮ ಒಂದೊಂದು ಭಾಷೆಗೆ 22½ ನಿಮಿಷ, ಅಷ್ಟೇ. ಕನ್ನಡಕ್ಕೂ ಅದರಲ್ಲಿ ಪಾಲಿತ್ತು. ಮನೆಯಲ್ಲಿ ವಿದ್ಯುದ್ದೀಪವನ್ನೇ ಕಾಣದ ಮಕ್ಕಳು ವಿಜ್ಞಾನದ ಪ್ರಯೋಗವನ್ನು ತಮ್ಮ ಮಾತಿನಲ್ಲಿ ನೋಡಿದರು. ವರ್ಷ ಮುಗಿಯಿತು, ಉಪಗ್ರಹವನ್ನು ಅದರ ಒಡೆಯರು ಸರಿಸಿಕೊಂಡು ಹೋದರು. ಇಂದು ಅದೇ ಬಗೆಯ ಪಾಠ ನಮ್ಮ ಜೇಬಿನೊಳಗೇ ಇದೆ, ಬೇಕಾದಾಗ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಆ ಹಳ್ಳಿಯ ಮೇಷ್ಟರಿಗೆ ಇಲ್ಲದಿದ್ದ ಅನುಕೂಲ ಇದೊಂದೇ: ನಿಲ್ಲಿಸುವ ಗುಂಡಿ.

ಈ ಗುಂಡಿಯ ಉಪಯೋಗ ತಿಳಿಯಬೇಕಾದರೆ ಒಂದು ಉದಾಹರಣೆ ತೆಗೆದುಕೊಳ್ಳೋಣ. 1971ರ ಆಗಸ್ಟ್ 2ರಂದು ಚಂದ್ರನ ಮೇಲೆ ನಿಂತಿದ್ದ ಡೇವಿಡ್ ಸ್ಕಾಟ್ ಎಂಬ ಗಗನಯಾತ್ರಿ ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಡೇಗೆಯ ಗರಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟನು. ಅದರ ಚಿತ್ರ ಇಂದಿಗೂ ಯಾರಿಗಾದರೂ ಸಿಗುತ್ತದೆ. ಒಂದು ನಿಮಿಷಕ್ಕೂ ಕಡಮೆ. ಸುತ್ತಿಗೆಯ ತೂಕ ಒಂದೂಕಾಲು ಕಿಲೋಗ್ರಾಮಿಗೂ ಹೆಚ್ಚು, ಗರಿ ಎಷ್ಟೆಂದರೂ ಗರಿ. ಇದನ್ನು ಸುಮ್ಮನೆ ಹಾಕಿ ಕೊಟ್ಟರೆ ಮಗು ನೋಡಿ, "ಹೂಂ, ಆಯ್ತು" ಎಂದು ಮುಂದಿನದಕ್ಕೆ ಹೋಗುತ್ತದೆ. ಆದ್ದರಿಂದ ಆತ ಕೈಬಿಡುವ ಕ್ಷಣಕ್ಕೆ ಮುಂಚೆ ನಿಲ್ಲಿಸಿರಿ. ಯಾವುದು ಮೊದಲು ನೆಲ ಮುಟ್ಟುತ್ತದೆ ಎಂದು ಮಗುವನ್ನು ಕೇಳಿರಿ. ಅಜ್ಜಿಯನ್ನೂ ಕೇಳಿರಿ, ಕಛೇರಿಯಿಂದ ಬಂದ ತಂದೆಯನ್ನೂ ಕೇಳಿರಿ. ಒಬ್ಬೊಬ್ಬರೂ ಒಂದು ಮಾತು ಕೊಟ್ಟ ಮೇಲೆಯೇ ಗುಂಡಿ ಒತ್ತಬೇಕು. ಎರಡೂ ಒಟ್ಟಿಗೇ ಬಿದ್ದಾಗ ಆ ಕೋಣೆಯಲ್ಲಿ ಏಳುವ ಗದ್ದಲವಿದೆಯಲ್ಲ, ಪಾಠ ಇರುವುದು ಅದರಲ್ಲಿ. ಅನಂತರ ಮೊಬೈಲನ್ನು ಕೆಳಗಿಡಿ. ಒಂದು ಹತ್ತು ರೂಪಾಯಿಯ ನಾಣ್ಯ, ಅದಕ್ಕಿಂತ ಎಳ್ಳಷ್ಟು ಚಿಕ್ಕದಾಗಿ ಕತ್ತರಿಸಿದ ಕಾಗದದ ಬಿಲ್ಲೆ ತನ್ನಿರಿ. ಬೇರೆ ಬೇರೆಯಾಗಿ ಬಿಟ್ಟರೆ ಕಾಗದ ತೇಲುತ್ತ ಹಿಂದೆ ಬೀಳುತ್ತದೆ. ನಾಣ್ಯದ ಮೇಲೆಯೇ ಕಾಗದವನ್ನಿಟ್ಟು ನೇರವಾಗಿ ಬಿಟ್ಟರೆ ಎರಡೂ ಜೊತೆಯಾಗಿ ಇಳಿಯುತ್ತವೆ. ಕಾಗದವನ್ನು ಹಿಡಿದು ನಿಲ್ಲಿಸುವುದು ಗಾಳಿಯೆಂದೂ ಚಂದ್ರನಲ್ಲಿ ಗಾಳಿಯಿಲ್ಲವೆಂದೂ ನಾವು ಹೇಳುವುದಕ್ಕೆ ಮೊದಲೇ ಮಗು ಹೇಳೀತು.

ಇಷ್ಟೆಲ್ಲ ಉಪದ್ವ್ಯಾಪ ಏಕೆ, ಚೆನ್ನಾಗಿ ಬಿಡಿಸಿ ಹೇಳುವ ಚಿತ್ರವೊಂದನ್ನು ತೋರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು ಎಂಬುದಕ್ಕೆ ಒಳ್ಳೆಯ ಆಧಾರವೇ ಇದೆ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಡೆರೆಕ್ ಮುಲ್ಲರ್ ಎಂಬವರು 2008ರಲ್ಲಿ ಮುಗಿಸಿದ ಸಂಶೋಧನೆಯ ವಿಷಯವೇ ಇದು. ಭೌತವಿಜ್ಞಾನದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅಚ್ಚುಕಟ್ಟಾಗಿ, ಒಂದಿಷ್ಟೂ ತಪ್ಪಿಲ್ಲದೆ ವಿವರಿಸುವ ಚಿತ್ರ ತೋರಿಸಿದರು. ನೋಡಿದವರು, ಬಹಳ ಚೆನ್ನಾಗಿತ್ತು, ಎಲ್ಲ ತಿಳಿಯಿತು ಎಂದರು. ಪರೀಕ್ಷೆ ಮಾಡಿದರೆ ಅಂಕಗಳು ಚಿತ್ರ ನೋಡುವ ಮೊದಲು ಎಷ್ಟಿದ್ದವೋ ಹೆಚ್ಚುಕಡಮೆ ಅಷ್ಟೇ! ಇನ್ನು ಕೆಲವರಿಗೆ ತೋರಿಸಿದ ಚಿತ್ರದಲ್ಲಿ ಸಾಮಾನ್ಯವಾಗಿ ಜನ ಮಾಡುವ ತಪ್ಪನ್ನೇ ಮೊದಲು ಒಬ್ಬನ ಬಾಯಲ್ಲಿ ಹೇಳಿಸಿ, ಆಮೇಲೆ ಅದನ್ನು ವಾದಿಸಿ ಬಿಡಿಸಿದ್ದರು. ನೋಡಿದವರು, ಗೊಂದಲವಾಯಿತು ಎಂದರು. ಅಂಕಗಳು ಮಾತ್ರ ಎದ್ದುಕಾಣುವಂತೆ ಏರಿದ್ದವು. ಗೊಂದಲವಾಯಿತೆಂದವರೇ ಕಲಿತಿದ್ದರು. ಮಗುವಿನ ತಲೆ ಖಾಲಿ ಕೊಡವಲ್ಲ. ಅದರಲ್ಲಿ ಆಗಲೇ ಏನೋ ತುಂಬಿರುತ್ತದೆ. ಅದನ್ನು ಹೊರಗೆ ಬರಿಸದೆ ಮೇಲೆ ಸುರಿದದ್ದೆಲ್ಲ ಚೆಲ್ಲಿಹೋಗುತ್ತದೆ.

ಬೇಸಿಗೆಯಲ್ಲಿ ಸೆಕೆ ಏಕೆಂದು ನಿಮ್ಮ ಮಗುವನ್ನು ಕೇಳಿ ನೋಡಿ. ಸೂರ್ಯ ಹತ್ತಿರ ಬರುತ್ತಾನೆ ಎನ್ನುವ ಸಂಭವವೇ ಹೆಚ್ಚು. ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರಿಗೆ. ಆಗ ದಿಲ್ಲಿಯ ನಮ್ಮವರು ರಜಾಯಿ ಹೊದ್ದು ನಡುಗುತ್ತಿರುತ್ತಾರೆ. ಅತಿ ದೂರ ಹೋಗುವುದು ಜುಲೈ ಮೊದಲಲ್ಲಿ, ಸುಮಾರು 15.2 ಕೋಟಿಗೆ. ನೂರಕ್ಕೆ ಮೂರು ಚಿಲ್ಲರೆ ಪಾಲಿನ ವ್ಯತ್ಯಾಸ. ಋತುಗಳಾಗುವುದು ಭೂಮಿ ಓರೆಯಾಗಿ ನಿಂತಿರುವುದರಿಂದ. ಆದರೆ ಎಷ್ಟೋ ಕಿರುಚಿತ್ರಗಳಲ್ಲಿ, ನೋಡಲು ಚೆಂದವಾಗಲೆಂದು, ಭೂಮಿಯ ದಾರಿಯನ್ನು ಕೋಳಿಮೊಟ್ಟೆಯಂತೆ ಉದ್ದಕ್ಕೆ ಎಳೆದಿರುತ್ತಾರೆ. ಬಾಯಲ್ಲಿ ಸರಿಯಾದ ಮಾತು, ಚಿತ್ರದಲ್ಲಿ ತಪ್ಪು. ಮಗುವಿನ ಮನಸ್ಸಿನಲ್ಲಿ ನಿಲ್ಲುವುದು ಚಿತ್ರ. ಹೀಗಿರುವಲ್ಲಿ ಹಿರಿಯರು ಮೊದಲು ಒಮ್ಮೆ ತಾವೇ ನೋಡಿಕೊಳ್ಳುವುದು ಒಳ್ಳೆಯದು.

ಎಷ್ಟು ಹೊತ್ತಿನದಿರಬೇಕು? ದೂರಶಿಕ್ಷಣದ ಚಿತ್ರಗಳನ್ನು ಜನ ಎಷ್ಟರವರೆಗೆ ನೋಡುತ್ತಾರೆಂದು ಅಮೆರಿಕದಲ್ಲಿ 69 ಲಕ್ಷ ವೀಕ್ಷಣೆಗಳನ್ನು ಲೆಕ್ಕಹಾಕಿ 2014ರಲ್ಲಿ ಪ್ರಕಟಿಸಿದರು. ಚಿತ್ರ ಎಷ್ಟೇ ಉದ್ದವಿರಲಿ, ಜನರ ಗಮನ ಸುಮಾರು 6 ನಿಮಿಷಕ್ಕೆ ಸೋರಿಹೋಗುತ್ತಿತ್ತು. ಇದು ದೊಡ್ಡವರ ಲೆಕ್ಕವೆಂಬುದು ನೆನಪಿರಲಿ. ಹಾಗೆಂದು ಇದನ್ನೇ ಶಾಸನ ಮಾಡಿಕೊಳ್ಳಬೇಕಾಗಿಲ್ಲ. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ದಂಪತಿಗಳು 1977ರಲ್ಲಿ ಮುಗಿಸಿದ 'ಪವರ್ಸ್ ಆಫ್ ಟೆನ್' ಎಂಬ ಚಿತ್ರ 9 ನಿಮಿಷದ್ದು. ಷಿಕಾಗೋ ನಗರದ ಸರೋವರದ ಬಳಿ ವನಭೋಜನಕ್ಕೆ ಬಂದು ಮಲಗಿರುವ ಮನುಷ್ಯನಿಂದ ಹೊರಟು, ಹತ್ತು ಸೆಕೆಂಡಿಗೊಮ್ಮೆ ಹತ್ತರಷ್ಟು ಮೇಲೇರಿ, ಊರು, ಭೂಮಿ, ಸೂರ್ಯಮಂಡಲ, ಆಕಾಶಗಂಗೆ ಎಲ್ಲ ದಾಟಿ, ಮತ್ತೆ ಸರ್ರನೆ ಇಳಿದು ಅವನ ಕೈಯ ಚರ್ಮದೊಳಗೆ ಹೊಕ್ಕು ಪರಮಾಣುವಿನ ಗರ್ಭಕ್ಕೆ ತಲಪುತ್ತದೆ. ಸೊನ್ನೆಗಳ ಬೆಲೆಯೇನೆಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಚಿತ್ರ ನಮಗೆ ಕಾಣಲಿಲ್ಲ. ಈ ದಂಪತಿಗಳಿಗೆ ನಮ್ಮ ದೇಶದ ನಂಟೂ ಉಂಟು: 1958ರಲ್ಲಿ ಇವರು ಭಾರತ ಸರಕಾರಕ್ಕೆ ಬರೆದುಕೊಟ್ಟ ವರದಿಯಿಂದಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಆ ವರದಿಯಲ್ಲಿ ಅವರು ಮನಸೋತು ಬಣ್ಣಿಸಿದ ವಸ್ತು ಯಾವುದು ಬಲ್ಲಿರಾ? ನಮ್ಮ ನೀರಿನ ತಂಬಿಗೆ!

ಪುಣೆಯ ಓದುಗರಿಗೆ ಅರವಿಂದ ಗುಪ್ತರ ಹೆಸರು ಹೊಸದಲ್ಲ. ಕಾನಪುರದ ಐಐಟಿಯಲ್ಲಿ ಓದಿ, ಪುಣೆಯ ಟೆಲ್ಕೋ ಕಾರಖಾನೆಯಲ್ಲಿ ಇಂಜಿನಿಯರಾಗಿದ್ದವರು, ಅದನ್ನು ಬಿಟ್ಟು ಕಸದಿಂದ ಆಟಿಗೆ ಮಾಡುವುದನ್ನು ಮಕ್ಕಳಿಗೆ ಕಲಿಸಲು ಹೊರಟರು. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಬಾಟಲಿ, ಇಷ್ಟೇ ಸಾಮಾನು. ಪುಣೆಯ ಅಯೂಕಾ ಸಂಸ್ಥೆಯ ಮಕ್ಕಳ ವಿಜ್ಞಾನಕೇಂದ್ರದಲ್ಲಿದ್ದಾಗ ಅವರೂ ಅವರ ಸಂಗಡಿಗರೂ ಮಾಡಿದ ಒಂದೆರಡು ನಿಮಿಷಗಳ ಚಿತ್ರಗಳು ನೂರಾರು. ಅವನ್ನು ಹಲವು ಭಾರತೀಯ ಭಾಷೆಗಳಿಗೆ ತಂದಿದ್ದಾರೆ, ಹಣವಿಲ್ಲದೆ ನೋಡಬಹುದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಈ ಚಿತ್ರಗಳಲ್ಲಿ ನಮಗೆ ಮೆಚ್ಚಿಗೆಯಾದ ಗುಣವೆಂದರೆ, ಚಿತ್ರ ಮುಗಿಯುತ್ತಲೇ ಮಗು ಮತ್ತೊಂದು ಚಿತ್ರ ಬೇಕೆನ್ನುವುದಿಲ್ಲ, ಕತ್ತರಿ ಬೇಕೆನ್ನುತ್ತದೆ. ಒಳ್ಳೆಯ ಚಿತ್ರಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿಲ್ಲ. ಒಂದು ಮುಗಿಯುವ ಮುನ್ನವೇ ಇನ್ನೊಂದನ್ನು ತಾನಾಗಿ ಹೊತ್ತುತರುವ ಏರ್ಪಾಡು ಮೊಬೈಲಿನಲ್ಲಿದೆಯಷ್ಟೆ. ಅದನ್ನು ಆರಿಸಿಡುವುದನ್ನು ಮನೆಯ ಯಜಮಾನರು ಕಲಿತಿರಬೇಕು. ಆಮ್ಲ, ಬೆಂಕಿ, ವಿದ್ಯುತ್ತಿನ ತಂತಿಗಳ 'ಪ್ರಯೋಗ'ಗಳನ್ನು ತೋರಿಸುವ ಚಿತ್ರಗಳು ಎದುರಾದರೆ, ಹಿರಿಯರು ಬಳಿಯಲ್ಲಿಲ್ಲದಾಗ ಅವು ಬೇಡವೆಂದು ಮೊದಲೇ ಕರಾರು ಮಾಡಿಕೊಳ್ಳಿರಿ.

ಇನ್ನು ಹೊರನಾಡಿನ ನಮ್ಮ ಮನೆಗಳಿಗೇ ಮೀಸಲಾದ ಒಂದು ಮಾತು. ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವ ಕ್ರಿಯೆಯನ್ನು ಪುಣೆಯ ಶಾಲೆಯಲ್ಲಿ ಮಗು 'ಪ್ರಕಾಶಸಂಶ್ಲೇಷಣ'ವೆಂದು ಕಲಿಯುತ್ತದೆ. ಚೆನ್ನೈಯಲ್ಲಿ ಅದೇ 'ಒಳಿಚ್ಚೇರ್ಕೈ'. ಹೈದರಾಬಾದಿನಲ್ಲಿ 'ಕಿರಣಜನ್ಯ ಸಂಯೋಗಕ್ರಿಯೆ'. ಇಂಗ್ಲಿಷ್ ಶಾಲೆಯಲ್ಲಿ 'ಫೋಟೋಸಿಂಥೆಸಿಸ್'. ಊರಿನಲ್ಲಿರುವ ಚಿಕ್ಕಪ್ಪನ ಮಗ ಓದುವುದು 'ದ್ಯುತಿಸಂಶ್ಲೇಷಣೆ'. ಎಲೆ ಒಂದೇ. ಆದರೆ ನಮ್ಮ ಮಗುವಿಗೆ ಕನ್ನಡವೆಂದರೆ ಊಟ, ಸ್ನಾನ, ಬೈಗುಳಗಳ ಭಾಷೆ ಎಂಬ ಭಾವನೆ ಮೆಲ್ಲಗೆ ಬೇರೂರುತ್ತದೆ. ಬುದ್ಧಿಯ ಕೆಲಸಕ್ಕೆ ಬೇರೊಂದು ಭಾಷೆ ಬೇಕು, ಅದು ಅಜ್ಜಿಗೆ ಬಾರದು. ಆದ್ದರಿಂದ ಅಜ್ಜಿಯೊಡನೆ ಮಾತಾಡಲು ಏನೂ ಇಲ್ಲ. ನಾವು ಕಂಡ ಮಟ್ಟಿಗೆ ಇಂದಿನ ಫ್ಲ್ಯಾಟುಗಳಲ್ಲಿ ಹಗಲೆಲ್ಲ ಒಬ್ಬಂಟಿಯಾಗಿ ಕೂಡುವ ಹಿರಿಯರ ದೊಡ್ಡ ಕೊರತೆಯೆಂದರೆ ಇದೇ. ಮೊಮ್ಮಗು ಅದೇ ಕೋಣೆಯಲ್ಲಿರುತ್ತದೆ, ಮಾತು ಮಾತ್ರ ಇರುವುದಿಲ್ಲ.

ಇಲ್ಲಿ ಕಿರುಚಿತ್ರ ಒಂದು ಉಪಕಾರ ಮಾಡಬಲ್ಲದು. ಮಗು ಒಮ್ಮೆ ಯಾವ ಭಾಷೆಯಲ್ಲಾದರೂ ನೋಡಲಿ. ಎರಡನೆಯ ಸಲ ಧ್ವನಿಯನ್ನು ಆರಿಸಿ, ಅದೇ ಚಿತ್ರವನ್ನು ಅಜ್ಜಿಗೆ ತೋರಿಸುತ್ತ ಕನ್ನಡದಲ್ಲಿ ತಾನೇ ಹೇಳಲಿ. ಸಮ್ಮತಿಯಿಂದ ಒಂದು ಮನೆಯ ಸಂಭಾಷಣೆಯನ್ನು ಇಲ್ಲಿ ಕೊಡುತ್ತಿದ್ದೇವೆ. ಚಿತ್ರ, ನೀರು ಬೇರಿನಿಂದ ಎಲೆಗೆ ಏರುವುದರ ಬಗ್ಗೆ.

"ಅಜ್ಜೀ, ನೋಡು, ಇಲ್ಲಿಂದ ವಾಟರ್ ಮೇಲೆ ಹೋಗತ್ತೆ."

"ವಾಟರ್ ಅಲ್ಲ ಕಣೋ, ನೀರು. ಯಾರು ಎತ್ತಿ ಹಾಕ್ತಾರೆ?"

"ಯಾರೂ ಎತ್ತಲ್ಲ. ಎಲೆಯಿಂದ ಆವಿ ಆಗಿ ಹೋಗತ್ತಲ್ಲ, ಅದು ಎಳಕೊಳ್ಳತ್ತೆ."

"ಹಾಗಾದ್ರೆ ನಮ್ಮ ತೋಟದ ತೆಂಗಿನಮರಕ್ಕೆ, ಅಷ್ಟು ಎತ್ತರಕ್ಕೆ, ಪಂಪಿಲ್ಲದೆ ಹೇಗೆ ಏರತ್ತೋ? ನಮ್ಮ ಮೂರನೇ ಮಾಳಿಗೆಗೇ ಪಂಪಿಲ್ಲದೆ ನೀರು ಬರಲ್ಲ!"

ಹುಡುಗನಿಗೆ ಉತ್ತರ ತೋಚಲಿಲ್ಲ. ಮರುದಿನ ಶಾಲೆಯಲ್ಲಿ ಕೇಳಿಕೊಂಡು ಬಂದನಂತೆ. ಪಾಠದ ಪುಸ್ತಕದಲ್ಲಿಲ್ಲದ ಪ್ರಶ್ನೆ ಅಜ್ಜಿಯ ತೋಟದಿಂದ ಬಂತು. ಕನ್ನಡದ ಪರಿಭಾಷೆ ಬೇಕಾದವರಿಗೆ ಕನ್ನಡದ ಚಿತ್ರಗಳೂ ಕಡಮೆಯಿಲ್ಲ. 2017ರಲ್ಲಿ ಆರಂಭವಾದ ಕೇಂದ್ರ ಸರಕಾರದ 'ದೀಕ್ಷಾ' ತಾಣದಲ್ಲಿ ಕರ್ನಾಟಕದ ಪಠ್ಯಕ್ಕೆ ಹೊಂದುವ ಸಾಮಗ್ರಿ ಇದೆ. ಶಾಲೆಗಳು ಮುಚ್ಚಿದ್ದ 2020ರಲ್ಲಿ ಚಂದನ ವಾಹಿನಿಯು ಪ್ರೌಢಶಾಲೆಯ ಮಕ್ಕಳಿಗಾಗಿ 'ಸಂವೇದ' ಎಂಬ ಪಾಠಗಳನ್ನು ಬಿತ್ತರಿಸಿತು. ಖಾನ್ ಅಕಾಡೆಮಿಯ ಪಾಠಗಳು ಹುಟ್ಟಿದ್ದೇ ದೂರದ ನಂಟಸ್ತಿಕೆಯಿಂದ: ಬಾಸ್ಟನ್ನಿನಲ್ಲಿದ್ದ ಸಲ್ಮಾನ್ ಖಾನ್ ಎಂಬ ತರುಣ 2004ರಲ್ಲಿ ಬೇರೆ ಊರಿನಲ್ಲಿದ್ದ ಬಂಧುವಿನ ಹುಡುಗಿಗೆ ದೂರದಿಂದಲೇ ಲೆಕ್ಕ ಹೇಳಿಕೊಡತೊಡಗಿ, ಆಮೇಲೆ ಕಲಿಯುವವರು ಹೆಚ್ಚಿದಾಗ 2006ರಲ್ಲಿ ಚಿತ್ರ ಮಾಡಿ ಹಾಕಿದನು. ನಮ್ಮ ಮನೆಗಳಲ್ಲಿ ಇಂಥ ಅಣ್ಣಂದಿರು, ಸೋದರತ್ತೆಯರು ಎಷ್ಟು ಮಂದಿ ಇಲ್ಲ!

ಸಮಾಜ ಪಾಠದ ಮಾತು ಬೇರೆ. ಸುತ್ತಿಗೆ, ಗರಿಗಳು ಯಾರ ಪಕ್ಷವನ್ನೂ ವಹಿಸುವುದಿಲ್ಲ; ಚರಿತ್ರೆಯ ಚಿತ್ರ ಮಾಡಿದವನಿಗೆ ಮಾತ್ರ ಪಕ್ಷ ಇದ್ದೇ ಇರುತ್ತದೆ. ಒಳ್ಳೆಯದಕ್ಕೆ ಉದಾಹರಣೆ ಬೇಕಾದರೆ ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗರು 2010ರಲ್ಲಿ ಬಿಬಿಸಿಗಾಗಿ ಮಾಡಿದ, ಇನ್ನೂರು ದೇಶಗಳ ಇನ್ನೂರು ವರ್ಷಗಳನ್ನು ನಾಲ್ಕು ನಿಮಿಷದಲ್ಲಿ ಹೇಳುವ ಚಿತ್ರ ನೋಡಿರಿ. ಒಂದೊಂದು ದೇಶ ಒಂದೊಂದು ಗುಳ್ಳೆ. ಆದಾಯ ಅಡ್ಡಕ್ಕೆ, ಆಯುಸ್ಸು ಎತ್ತರಕ್ಕೆ. 1810ರಲ್ಲಿ ಎಲ್ಲ ಗುಳ್ಳೆಗಳೂ ರೋಗದ, ಬಡತನದ ಮೂಲೆಯಲ್ಲಿ ಮುದುಡಿರುತ್ತವೆ. ಅಲ್ಲಿಂದ ಅವು ಒಂದೊಂದಾಗಿ ಏಳುವುದು, ಯುದ್ಧಗಳಲ್ಲಿ ತಟ್ಟನೆ ಕುಸಿಯುವುದು, ಭಾರತದ ಗುಳ್ಳೆ ಸ್ವಾತಂತ್ರ್ಯದ ಅನಂತರ ಮೇಲೇರುವುದು, ಎಲ್ಲ ಕಣ್ಣೆದುರಿಗೆ ನಡೆಯುತ್ತದೆ. ರೋಸ್ಲಿಂಗರು 1972ರಲ್ಲಿ ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿ ಓದಲು ಬಂದಿದ್ದವರು. ಅಲ್ಲಿಯ ಸಹಪಾಠಿಗಳು ತಮಗಿಂತ ಬಹಳ ಮುಂದಿದ್ದುದನ್ನು ಕಂಡು, ಪಾಶ್ಚಾತ್ಯರೇ ಮೇಲೆಂಬ ತಮ್ಮ ಭಾವನೆ ಮುರಿಯಿತೆಂದು ಕೊನೆಯವರೆಗೂ ಹೇಳುತ್ತಿದ್ದರು. 2017ರಲ್ಲಿ ತೀರಿಕೊಂಡರು.

ನಮ್ಮ ಮಕ್ಕಳಿಗೆ ಸಮಾಜಪಾಠದಲ್ಲಿ ಸಿಗಬಹುದಾದ ಸೊಗಸು ಊರಿನ ಮಕ್ಕಳಿಗೂ ಇಲ್ಲ. ಮಹಾರಾಷ್ಟ್ರದಲ್ಲಿ ಓದುವ ಮಗುವಿಗೆ ಎಲ್ಲೋರದ ಕೈಲಾಸ ದೇವಾಲಯದ ಚಿತ್ರ ತೋರಿಸಿ, ಅದನ್ನು ಎಂಟನೆಯ ಶತಮಾನದಲ್ಲಿ ಕಡೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣನೆಂದೂ, ಆ ವಂಶದ ಮುಂದಿನ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೆಂದೂ ನಕಾಶೆಯಲ್ಲಿ ಬೆರಳಿಟ್ಟು ತೋರಿಸಿರಿ. ಚೆನ್ನೈಯ ಮಗುವಿಗೆ ಕಾವೇರಿಯ ಎರಡು ಚಿತ್ರ ತೋರಿಸಿರಿ, ತಲಕಾವೇರಿಯಿಂದ ನೋಡಿದ್ದೊಂದು, ಪೂಂಪುಹಾರಿನಿಂದ ನೋಡಿದ್ದೊಂದು. 1911ರಲ್ಲಿ ಕೆಲಸ ಹಿಡಿದ ಕನ್ನಂಬಾಡಿ ಕಟ್ಟೆ ಒಂದರಲ್ಲಿ ಕಥಾನಾಯಕ. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಇನ್ನೊಂದರಲ್ಲಿ. ಎರಡನ್ನೂ ನೋಡಿದ ಮಗು ನೀರಿನ ವ್ಯಾಜ್ಯದ ವಿಷಯದಲ್ಲಿ ದೊಡ್ಡವರು ಕೇಳಲು ಹಿಂಜರಿಯುವ ಪ್ರಶ್ನೆಗಳನ್ನೇ ಕೇಳೀತು. ಕೇಳಲಿ. ಆದರೆ ಕಂಪ್ಯೂಟರಿನಲ್ಲಿ ಕಟ್ಟಿದ ಹಂಪೆಯ ಅರಮನೆಯನ್ನು ನೋಡಿ ಮಗು ಅದನ್ನು ಫೋಟೋ ಎಂದೇ ತಿಳಿಯುವ ಅಪಾಯವಿದೆ. ಅಲ್ಲಿ ಈಗ ಉಳಿದಿರುವುದು ಕಲ್ಲಿನ ಜಗಲಿ ಮಾತ್ರ, ಮಿಕ್ಕದ್ದು ಊಹೆ ಎಂದು ಹೇಳಿಬಿಡಬೇಕು. ಯಾರು ಮಾಡಿದರೆಂದೇ ತಿಳಿಯದೆ ಮೊಬೈಲಿನಿಂದ ಮೊಬೈಲಿಗೆ ಹಾರಿಬರುವ ಚರಿತ್ರೆಯ ಚಿತ್ರಗಳನ್ನಂತೂ ನಾವು ಮಕ್ಕಳ ಕಣ್ಣಿಗೆ ಬೀಳಿಸೆವು.

ಕೊನೆಗೆ, ವಿಜ್ಞಾನ ಸಮಾಜ ಎರಡೂ ಬೆರೆತ ಒಂದು ಕೆಲಸವನ್ನು ನಮ್ಮ ಕಿರಿಯ ಓದುಗರಿಗೆ ಒಪ್ಪಿಸುತ್ತಿದ್ದೇವೆ. ನಮ್ಮ ಮಕ್ಕಳು ಊರೂರುಗಳಲ್ಲಿ ಚೆದರಿರುವುದೇ ಇಲ್ಲಿ ಬಂಡವಾಳ. ವರ್ಷಕ್ಕೆರಡು ದಿನ ನಡುಹಗಲಿನಲ್ಲಿ ಸೂರ್ಯ ನೆತ್ತಿಗೆ ಸರಿಯಾಗಿ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. 'ಶೂನ್ಯ ನೆರಳಿನ ದಿನ'ವೆಂದು ಹುಡುಕಿದರೆ ಇದರ ಕಿರುಚಿತ್ರಗಳು ಸಿಗುತ್ತವೆ. ಬೆಂಗಳೂರು, ಮಂಗಳೂರು, ಚೆನ್ನೈಗಳಲ್ಲಿ ಇದು ಏಪ್ರಿಲ್ 24-25ರ ಹೊತ್ತಿಗೆ. ಮಂಗಳೂರಿಗಿಂತ ಚೆನ್ನೈಯಲ್ಲಿ ಸುಮಾರು 20 ನಿಮಿಷ ಮೊದಲು. ಹೈದರಾಬಾದಿನಲ್ಲಿ ಮೇ ಎರಡನೆಯ ವಾರ, ಪುಣೆ ಮುಂಬಯಿಗಳಲ್ಲಿ ಮೇ ಮಧ್ಯ. ದಿಲ್ಲಿಗೆ ಈ ಯೋಗವಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿರುವುದರಿಂದ ಅಲ್ಲಿ ಜೂನ್ 21ರಂದೂ ತುಸು ನೆರಳು ಉಳಿದೇ ಉಳಿಯುತ್ತದೆ.

ಏಪ್ರಿಲ್ 25ರಂದು ಬೆಂಗಳೂರಿನ ಮಗು 12 ಗಂಟೆ 18 ನಿಮಿಷದ ಸುಮಾರಿಗೆ, ನೆರಳು ಕೋಲಿನ ಬುಡದಲ್ಲೇ ಅಡಗಿತೆಂದು ನೋಡಿಕೊಳ್ಳಲಿ. ಮುಂಬಯಿಯ ಮಗು ಒಂದು ಮೀಟರು ಉದ್ದದ ಕೋಲನ್ನು ತೂಗುಗುಂಡಿನ ಸಹಾಯದಿಂದ ನೆಟ್ಟಗೆ ನಿಲ್ಲಿಸಿ, 12-25ರಿಂದ 12-50ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳನ್ನು ಅಳೆದು, ಅತಿ ಗಿಡ್ಡ ನೆರಳನ್ನು ಗುರುತು ಹಾಕಿಕೊಳ್ಳಲಿ. ಅದು 11 ಸೆಂಟಿಮೀಟರಿನ ಆಸುಪಾಸಿನಲ್ಲಿರಬೇಕು. ಕಾಗದದ ಮೇಲೆ ಆ ಅಳತೆಯ ತ್ರಿಕೋಣ ಬರೆದರೆ ತುದಿಯ ಕೋನ 6 ಡಿಗ್ರಿಗೆ ಸ್ವಲ್ಪ ಹೆಚ್ಚು. ಇಡೀ ವೃತ್ತದಲ್ಲಿ ಅಂಥ ಕೋನಗಳು ಸುಮಾರು 59. ಎರಡು ಊರುಗಳ ನಡುವೆ ಉತ್ತರ-ದಕ್ಷಿಣವಾಗಿ, ರಸ್ತೆಯ ಲೆಕ್ಕದಿಂದಲ್ಲ, ನಕಾಶೆಯಲ್ಲಿ ಅಳೆದರೆ ಸುಮಾರು 680 ಕಿಲೋಮೀಟರು. ಗುಣಿಸಿದರೆ ಭೂಮಿಯ ಸುತ್ತಳತೆ, 40,000 ಕಿಲೋಮೀಟರಿಗೆ ಹತ್ತಿರ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸನು ಮಾಡಿದ ಲೆಕ್ಕವೂ ಇದೇ ಜಾಡಿನದು. ಅವನಿಗೆ ಬೆಂಗಳೂರಿನಲ್ಲಿ ಸೋದರಮಾವನ ಮಗಳೂ ಇರಲಿಲ್ಲ, ಫೋನೂ ಇರಲಿಲ್ಲ.

ಅಳತೆ ಮಾಡಿದ ಮಕ್ಕಳು ತಮ್ಮ ಊರು, ತರಗತಿ, ಕೋಲಿನ ಉದ್ದ, ನೆರಳಿನ ಉದ್ದ, ಗಂಟೆ ಇವನ್ನು ಬರೆದು ಸಂಘದ ಕಛೇರಿಗೆ ಕಳಿಸಬೇಕು. ದಿಲ್ಲಿಯ ಮಕ್ಕಳೂ ಕಳಿಸಬಹುದು. ಅವರ ನೆರಳು ಎಲ್ಲರಿಗಿಂತ ಉದ್ದ. ಮುಂದಿನ ಸಂಚಿಕೆಯಲ್ಲಿ ಎಲ್ಲ ಊರುಗಳ ನೆರಳುಗಳನ್ನೂ ಒಂದೇ ಪಟ್ಟಿಯಲ್ಲಿ ಅಚ್ಚುಹಾಕುತ್ತೇವೆ. ಆ ದಿನ ಮೋಡ ಕವಿದು ನೆರಳೇ ಬೀಳದಿದ್ದವರು ಅದನ್ನೂ ಬರೆಯಲಿ.